ಕ್ಯಾರಿಯರ್ ಒಗ್ಗುತ್ತಿಲ್ಲವೇ? ತೊಂದರೆ ಮಗುವಿನದೋ, ಕಟ್ಟಿದ ರೀತಿಯದೋ, ಕೊಂಡ ವಸ್ತುವಿನದೋ ಪತ್ತೆ ಮಾಡುವ ಕ್ರಮ

ಮಗುವನ್ನು ಮೈಗೆ ಕಟ್ಟಿಕೊಂಡು ಹೊರಲೆಂದು ತಂದ ಕ್ಯಾರಿಯರ್ ಎರಡನೇ ವಾರಕ್ಕೇ ಬೀರು ಸೇರುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಒಳಗೆ ಕೂರಿಸಿದ ಕೂಡಲೇ ಮಗು ಅಳುತ್ತದೆ, ಅಮ್ಮನಿಗೆ ಹೆಗಲು ಹಿಡಿದುಕೊಳ್ಳುತ್ತದೆ, ಅಜ್ಜಿ "ಕೂಸಿನ ಕಾಲು ಸೊಟ್ಟ ಆಗ್ತಾವೆ, ತೆಗಿ ಅತ್ತ" ಎನ್ನುತ್ತಾರೆ. ಆಮೇಲೆ ಇನ್ನೂ ದುಬಾರಿಯದೊಂದನ್ನು ತರಿಸುವ ಯೋಚನೆ ಶುರುವಾಗುತ್ತದೆ. ದಯವಿಟ್ಟು ಅದಕ್ಕೆ ಮೊದಲು ಮನೆಯಲ್ಲಿರುವುದನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೋಡಿ. ಹೊಸದಾಗಿ ತಾಯ್ತಂದೆಯರಾದವರಿಗೆ ಕ್ಯಾರಿಯರ್ ಕಟ್ಟುವುದನ್ನು ಹೇಳಿಕೊಡುವಾಗ ನಾನು ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಸೊಂಟದ ಬೆಲ್ಟ್ ಸ್ವಲ್ಪ ಮೇಲೇರಿದರೆ, ಹೆಗಲ ಪಟ್ಟಿ ಎರಡು ಬೆರಳಿನಷ್ಟು ಬಿಗಿಯಾದರೆ ಸರಿಹೋಗುತ್ತವೆ. ಉಳಿದವು ಮಾತ್ರ ಆ ಕ್ಯಾರಿಯರ್ ಆ ಮಗುವಿಗೋ ಹೊರುವವರ ಮೈಗೋ ಹೊಂದದೆ ಬಂದಂಥವು. ಅವನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಯಾವುದು ಎಂಥದ್ದು ಎಂದು ಗೊತ್ತಾದರೆ ದುಡ್ಡೂ ಉಳಿಯುತ್ತದೆ, ಮಗುವಿಗೂ ಕ್ಷೇಮ.

ಹುಡುಕುವಾಗ ಒಂದು ಕ್ರಮ ಇರಲಿ. ಮೊದಲು ಮಗುವಿನ ಉಸಿರು, ಆಮೇಲೆ ಅದರ ಕಾಲು ಮತ್ತು ಸೊಂಟದ ಕೀಲು, ಆಮೇಲೆ ನಿಮ್ಮ ಬೆನ್ನು. ಅಳುವನ್ನು ಕೊನೆಗೆ ನೋಡೋಣ. ಎಲ್ಲರೂ ಅಳುವಿನಿಂದಲೇ ಶುರು ಮಾಡುತ್ತಾರೆ, ಆದರೆ ನಿಜವಾದ ಅಪಾಯ ಬರುವುದು ಸದ್ದಿಲ್ಲದೆ.

ಗದ್ದ ಎದೆಗೆ ತಾಗಿದೆ, ಮುಖ ಬಟ್ಟೆಯಲ್ಲಿ ಹುದುಗಿದೆ

ಇದನ್ನು ಕಂಡರೆ ಹೊಂದಾಣಿಕೆ ಮಾಡುತ್ತ ನಿಲ್ಲಬೇಡಿ. ಮಗುವನ್ನು ಹೊರಗೆ ತೆಗೆಯಿರಿ, ಮಿಕ್ಕಿದ್ದು ಆಮೇಲೆ.

ನಾಲ್ಕು ತಿಂಗಳೊಳಗಿನ ಮಗುವಿಗೆ ತಲೆ ಎತ್ತಿ ಹಿಡಿಯುವಷ್ಟು ಕತ್ತಿನ ಬಲ ಇರುವುದಿಲ್ಲ, ಶ್ವಾಸನಾಳವೂ ಕಿರಿದು, ಮೆತ್ತಗೆ. ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಹಾಗಾದ ಮಗುವಿಗೆ ಅಳಲು ಕೂಡ ಉಸಿರು ಸಿಗದಿರಬಹುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ (ಹೆಗಲಿಗೆ ಹಾಕಿಕೊಂಡು ಮಗುವನ್ನು ಹೊರುವ ಬಟ್ಟೆಯ ಜೋಳಿಗೆ) ಬಗ್ಗೆ ಎಚ್ಚರಿಕೆ ಹೊರಡಿಸಿದಾಗ, ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗೆ ಸಂಬಂಧಿಸಿದ ಕನಿಷ್ಠ 14 ಸಾವುಗಳು ತನ್ನ ಗಮನಕ್ಕೆ ಬಂದಿವೆ ಎಂದಿತ್ತು. ಅದರಲ್ಲಿ 12 ಮಕ್ಕಳು ನಾಲ್ಕು ತಿಂಗಳೊಳಗಿನವರು. ಅದಾದ ಮೇಲೆ ಚೀಲದಂತೆ ಆಳವಾಗಿ ಇಳಿಬೀಳುವ, ಮಗು ಒಳಗೆ ಬಿಲ್ಲಿನಂತೆ ಬಾಗಿ ಮಲಗುವ ಸ್ಲಿಂಗ್‌ಗಳ ಮೇಲಿನ ನಂಬಿಕೆ ಹೋಯಿತು. ಅಂಥದ್ದು ಇವತ್ತಿಗೂ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮಲ್ಲಿರುವುದು ಅದೇ ಆದರೆ ಸರಿಪಡಿಸುವ ದಾರಿ ಇಲ್ಲ, ಬಳಸುವುದನ್ನೇ ಬಿಡಿ.

ಬೇರೆ ಯಾವುದೇ ಬಗೆಯದಾದರೆ ಬ್ರಿಟನ್ನಿನ ಸ್ಲಿಂಗ್ ತಯಾರಕರು ಮತ್ತು ಮಾರಾಟಗಾರರು ಒಟ್ಟಾಗಿ ರೂಪಿಸಿದ ಐದು ಪರೀಕ್ಷೆಗಳನ್ನು ಮಾಡಿ. ಮಗು ನಿಮ್ಮ ಮೈಗೆ ಬಿಗಿಯಾಗಿ ಅಂಟಿರಬೇಕು. ತಲೆ ಬಗ್ಗಿಸಿದರೆ ಅದರ ಮುಖ ಕಾಣಬೇಕು. ಹಾಗೆಯೇ ಬಗ್ಗಿ ನೆತ್ತಿಗೆ ಮುತ್ತು ಕೊಡಲು ಆಗಬೇಕು. ಗದ್ದದ ಕೆಳಗೆ ಸಂದಿರಬೇಕು, ಅಲ್ಲಿ ನಿಮ್ಮ ಎರಡು ಬೆರಳು ಹೋಗುವಂತಿದ್ದರೆ ಸರಿ. ಐದನೆಯದು ಬೆನ್ನಿನ ಆಸರೆ, ಅದನ್ನು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಅಂಗೈಯನ್ನು ಮಗುವಿನ ಬೆನ್ನಿನ ಮೇಲಿಟ್ಟು ಮೆಲ್ಲಗೆ ನಿಮ್ಮ ಕಡೆಗೆ ಒತ್ತಿ. ಮಗು ಇದ್ದಲ್ಲೇ ಇದ್ದರೆ ಸರಿಯಾಗಿದೆ. ಕುಸಿದಿದ್ದ ಬೆನ್ನು ನೆಟ್ಟಗಾಗಿ ಮಗು ನಿಮ್ಮ ಹತ್ತಿರಕ್ಕೆ ಸರಿದರೆ ಅಷ್ಟು ಸಡಿಲವಿದೆ ಎಂದರ್ಥ. ನಿದ್ದೆ ಬಂದು ಮೈ ಸಡಿಲವಾದಾಗ ಅದೇ ಸಡಿಲದೊಳಕ್ಕೆ ಮಗು ಕುಸಿದು ಗದ್ದ ಎದೆಗೆ ಇಳಿಯುತ್ತದೆ. ಬೆಲ್ಟ್ ಸರಿಯಾದ ಎತ್ತರದಲ್ಲಿದೆಯೇ ನೋಡಿಕೊಂಡು, ಒಂದು ಕೈಯನ್ನು ಮಗುವಿನ ಬೆನ್ನಿಗಾಸರೆ ಕೊಟ್ಟು, ಇನ್ನೊಂದರಿಂದ ಪಟ್ಟಿ ಎಳೆದು ಮತ್ತೆ ಒತ್ತಿ ನೋಡಿ.

ಕ್ಯಾರಿಯರ್ ಚೆನ್ನಾಗಿದ್ದೂ ಇದೇ ತೊಂದರೆ ಬರುವ ಎರಡು ಸಂದರ್ಭಗಳಿವೆ. ಹಾಲೂಡಿಸಲು ಮಗುವನ್ನು ಕೆಳಗಿಳಿಸಿಕೊಂಡವರು ಹಾಲು ಕುಡಿದಾದ ಮೇಲೆ ಹಾಗೇ ಬಿಟ್ಟುಬಿಡುತ್ತಾರೆ. ಕುಡಿದು ಮುಗಿದ ತಕ್ಷಣ ಮಗುವನ್ನು ಮೇಲೆತ್ತಿ ನೆಟ್ಟಗೆ ಕೂರಿಸಬೇಕು. ಇನ್ನೊಂದು, ಬಿಸಿಲೆಂದೋ ದೃಷ್ಟಿಯೆಂದೋ ಸೆರಗನ್ನೋ ದುಪಟ್ಟಾವನ್ನೋ ಮುಖದ ಮೇಲೆ ಹೊದಿಸುವುದು. ಮುಖ ನಿಮ್ಮ ಕಣ್ಣಿಗೆ ಬೀಳುತ್ತಿರುವುದೇ ಮಗುವಿಗಿರುವ ಕಾವಲು. ಬಿಸಿಲಿಗೆ ಕೊಡೆ ಹಿಡಿಯಿರಿ.

ಮಗು ತೀರಾ ಚಿಕ್ಕದು, ಒಳಗೆ ಮುಳುಗಿಹೋಗುತ್ತದೆ

ಬೆಲ್ಟ್, ಪಟ್ಟಿಗಳನ್ನು ಬಕಲ್ ಹಾಕಿ ಬಿಗಿಯುವ ಬಕಲ್ ಕ್ಯಾರಿಯರ್‌ಗಳ ಪೆಟ್ಟಿಗೆಯ ಮೇಲೆ ಹುಟ್ಟಿದ ದಿನದಿಂದ ಬಳಸಬಹುದು ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಕನಿಷ್ಠ ತೂಕ ಇರುತ್ತದೆ, ಸಾಮಾನ್ಯವಾಗಿ 3.2 ಅಥವಾ 3.5 ಕೆಜಿ. ಆ ಅಂಕಿ ಬೇರೆ ದೇಶಗಳ ಶಿಶುಗಳ ಅಳತೆಗೆ ಹೊಂದುವಂಥದ್ದು. ನಮ್ಮಲ್ಲಿ ತಿಂಗಳು ತುಂಬಿ ಆರೋಗ್ಯವಾಗಿ ಹುಟ್ಟಿದ ಕೂಸು ಕೂಡ 2.5ರಿಂದ 3 ಕೆಜಿ ಇರುವುದು ಸಾಮಾನ್ಯ. ಹೀಗಾಗಿ ಎಷ್ಟೋ ಬಾಣಂತಿಯರು ಸೀಮಂತಕ್ಕೆ ಉಡುಗೊರೆ ಬಂದ ಕ್ಯಾರಿಯರನ್ನು ಮೊದಲ ತಿಂಗಳಲ್ಲೇ ಹಾಕಿ ನೋಡಿ, ಮಗು ಒಂದು ಕಡೆ ವಾಲುವುದನ್ನು ಕಂಡು ಹೆದರುತ್ತಾರೆ. ಅವರ ಕೈಗುಣದಲ್ಲಿ ಏನೂ ಕೊರತೆಯಿಲ್ಲ, ಮಗು ಇನ್ನೂ ಆ ಅಳತೆಗೆ ಬಂದಿಲ್ಲ ಅಷ್ಟೆ. ತೂಕ ನೋಡಿಸಿ, ಅಲ್ಲಿಯವರೆಗೆ ಅದನ್ನು ಎತ್ತಿಡಿ. ಒಳಗೆ ಟವೆಲ್ ಸುತ್ತಿಟ್ಟು ಎತ್ತರಿಸುವ ಉಪಾಯ ಬೇಡ, ಟವೆಲ್ ಸರಿದರೆ ತಲೆ ಮುಂದಕ್ಕೆ ಬೀಳುತ್ತದೆ. ತಯಾರಕರೇ ಆ ಮಾದರಿಗೆಂದು ಕೊಟ್ಟ ಶಿಶು ದಿಂಬು ಇದ್ದರೆ ಅದು ಬೇರೆ ಮಾತು.

ತಿಂಗಳಿಗೆ ಮುಂಚೆ ಹುಟ್ಟಿದ, 2.5 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ ಬೇಕಾದದ್ದು ಕಾಂಗರೂ ಆರೈಕೆ, ಅಂದರೆ ಬರೀ ಮೈಯನ್ನು ಅಮ್ಮನ ಬರೀ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟಿಕೊಳ್ಳುವುದು. ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದರು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ವ್ಯಾಪಕವಾಗಿ ನೆಲೆಗೊಳಿಸುವ ಕೆಲಸ ನಡೆದಿದೆ. ಇದನ್ನು ಆಸ್ಪತ್ರೆಯ ದಾದಿಯರ ಕೈಯಲ್ಲೇ ಕಲಿಯಬೇಕು. ಅಂಗಡಿಯಲ್ಲಿ "ಕಾಂಗರೂ ಬ್ಯಾಗ್" ಎಂದು ಮಾರುವ ಚೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ನಂಬಿ ಕಡಿಮೆ ತೂಕದ ಮಗುವನ್ನು ಆ ಚೀಲಕ್ಕೆ ಹಾಕಬೇಡಿ.

ಕಾಲು ನೇತಾಡುತ್ತಿವೆ

ಅಜ್ಜಿಯ ಆತಂಕ ಇರುವುದು ಇಲ್ಲೇ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕಾಲು ಅಗಲಿಸಿ ಕೂರಿಸಿದರೆ ಸೊಟ್ಟಗಾಗುತ್ತವೆ ಎನ್ನುವುದು ಮಾತ್ರ ನಿಜವಲ್ಲ. ಗರ್ಭದಲ್ಲಿ ಮಡಚಿಕೊಂಡಿದ್ದ ಕಾಲುಗಳು ಹುಟ್ಟಿದ ಮೇಲೂ ಕೆಲವು ತಿಂಗಳು ಬಾಗಿಯೇ ಇರುತ್ತವೆ. ಮೊಣಕಾಲು ಮೇಲೆ, ಅಂಡು ಕೆಳಗೆ ಇರುವಂತೆ ಕಪ್ಪೆಗಾಲು ಹಾಕಿ ಕೂರುವುದು ಆ ವಯಸ್ಸಿಗೆ ಸಹಜವಾದ ಭಂಗಿ. ತೊಡೆಮೂಳೆಯ ಗುಂಡು ಆಗ ಅದರ ಗುಳಿಯಲ್ಲಿ ಸರಿಯಾಗಿ ಕೂತಿರುತ್ತದೆ. ಮೊದಲ ಆರು ತಿಂಗಳು ಆ ಗುಳಿ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಈ ಭಂಗಿಯಲ್ಲೇ ಹೊರಿ ಎಂದು ಅಂತರರಾಷ್ಟ್ರೀಯ ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂರದ ತೊಂದರೆ) ಸಂಸ್ಥೆ ಹೇಳುತ್ತದೆ. ನಮ್ಮ ಹೆಂಗಸರು ಕಂಕುಳಲ್ಲಿ ಕೂಸನ್ನು ಕೂರಿಸಿಕೊಳ್ಳುವ ರೀತಿ ಇದೇ ಅಲ್ಲವೇ? ಒಂದು ಕಾಲು ಹೊಟ್ಟೆಯ ಕಡೆಗೆ, ಇನ್ನೊಂದು ಬೆನ್ನಿನ ಕಡೆಗೆ, ನಡುವೆ ಅಮ್ಮನ ಸೊಂಟ. ಅಜ್ಜಿಗೆ ಹೀಗೆ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ.

ಕಾಲು ನೆಟ್ಟಗೆ ಎಳೆದು ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಜಪಾನ್ ಕಂಡಿದೆ. ಶಿಶುಗಳ ಕಾಲು ಚಾಚಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ರೂಢಿ ಅಲ್ಲಿತ್ತು. 1975ರಿಂದ ಅದನ್ನು ಬಿಡಿಸಲು ದೇಶವ್ಯಾಪಿ ಪ್ರಚಾರ ನಡೆಯಿತು, ಸೊಂಟದ ಕೀಲು ತಪ್ಪುವ ಪ್ರಕರಣಗಳು ಅಲ್ಲಿಂದ ಮುಂದೆ ಬಹಳ ಇಳಿದವು. ನಮ್ಮಲ್ಲೂ ಸ್ನಾನವಾದ ಮೇಲೆ ಕೂಸನ್ನು ಸುತ್ತಿ ಮಲಗಿಸುತ್ತೇವಲ್ಲ, ಕೈ ಬಿಗಿಯಾಗಿದ್ದರೂ ಸೊಂಟದ ಕೆಳಗೆ ಕಾಲು ಮಡಚಲು ಜಾಗ ಬಿಡಿ.

ಈಗ ಪರೀಕ್ಷೆ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನಿಂತು ಮಗುವಿನ ಮೊಣಕಾಲು ಅಂಡಿಗಿಂತ ಮೇಲಿದೆಯೇ ನೋಡಿ. ಇಲ್ಲವಾದರೆ ತಕ್ಷಣ ಕ್ಯಾರಿಯರನ್ನು ಬೈಯಬೇಡಿ. ಎರಡೂ ಕೈಗಳನ್ನು ಕೆಳಗಿನಿಂದ ತಂದು ಮಗುವಿನ ಮೊಣಕಾಲಿನ ಹಿಂಬದಿಯ ಮಡಿಕೆಯಲ್ಲಿ ಬೆರಳಿಡಿ. ಕಾಲುಗಳನ್ನು ಮೆಲ್ಲಗೆ ಮೇಲಕ್ಕೂ ಸ್ವಲ್ಪ ಹೊರಕ್ಕೂ ಎತ್ತುತ್ತ, ಹೆಬ್ಬೆರಳಿನಿಂದ ಅಂಡನ್ನು ನಿಮ್ಮ ಹೊಟ್ಟೆಯ ಕಡೆಗೆ ಒಳತಳ್ಳಿ. ಮಗುವಿನ ಸೊಂಟ ಒಳಕ್ಕೆ ಉರುಳಿ ಭಾರವೆಲ್ಲ ಅಂಡಿನ ಮೇಲೆ ಕೂರುವುದು ನಿಮ್ಮ ಕೈಗೇ ತಿಳಿಯುತ್ತದೆ. ಒಳಗೆ ಬಟ್ಟೆ ಮುದುಡಿದ್ದರೆ ಅದನ್ನು ಎರಡೂ ಮೊಣಕಾಲಿನ ಮಡಿಕೆಯವರೆಗೆ ಬಿಡಿಸಿ. ಕಾಲು ಚಾಚಿ ಅಳುತ್ತಿದ್ದ ಮಕ್ಕಳು ಈ ಒಂದು ಚಲನೆಗೇ ಸಮಾಧಾನವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇಷ್ಟಾದ ಮೇಲೂ ಬಟ್ಟೆ ತೊಡೆಸಂದಿಯಲ್ಲೇ ಮುಗಿದು ಕಾಲುಗಳು ಕಡ್ಡಿಯಂತೆ ಇಳಿಬಿದ್ದರೆ ಆಸನ ಕಿರಿದಾಗಿದೆ. ಇದು ವಸ್ತುವಿನ ದೋಷ. ಆರೋಗ್ಯವಂತ ಕೀಲು ಅರ್ಧ ಗಂಟೆಯಲ್ಲಿ ಹಾಳಾಗಿಬಿಡುತ್ತದೆ ಎಂದು ಗಾಬರಿಯಾಗಬೇಕಿಲ್ಲ, ಆದರೆ ದಿನವೂ ಗಂಟೆಗಟ್ಟಲೆ ಹೊರಲು ಇದು ತಕ್ಕದ್ದಲ್ಲ. ತಾತ್ಕಾಲಿಕವಾಗಿ ಒಂದು ಹತ್ತಿ ಶಾಲನ್ನು ಅಂಡಿನ ಕೆಳಗಿಂದ ಎರಡೂ ಮೊಣಕಾಲಿನವರೆಗೆ ಹಾಯಿಸಿ ನಿಮ್ಮ ಸೊಂಟಕ್ಕೆ ಕಟ್ಟಿಕೊಂಡರೆ ತೊಡೆಗೆ ಆಸರೆ ಸಿಗುತ್ತದೆ. ಇದರ ತಿರುಗುಮುರುಗೂ ಉಂಟು. ಬಟ್ಟೆ ಮೊಣಕಾಲು ದಾಟಿ ಮೀನಖಂಡದವರೆಗೆ ಬಂದು ಕಾಲು ಮಡಚಲಾಗದೆ ಚಾಚಿಕೊಂಡಿದ್ದರೆ ಆಸನ ಅಗಲವಾಯಿತು. ಈಗಿನ ಒಳ್ಳೆಯ ಮಾದರಿಗಳಲ್ಲಿ ಆಸನವನ್ನು ಕಿರಿದು ಮಾಡುವ ವೆಲ್ಕ್ರೋ ಅಥವಾ ದಾರ ಇರುತ್ತದೆ, ಅದನ್ನು ಮಗುವಿನ ಅಳತೆಗೆ ತನ್ನಿ.

ಒಂದು ಮಾತು ಕ್ಯಾರಿಯರ್‌ಗೆ ಹೊರತಾದದ್ದು. ಹೊಟ್ಟೆಯಲ್ಲಿ ಮಗು ಉಲ್ಟಾ ಇದ್ದು ಅಂಡು ಮುಂದಾಗಿ ಹುಟ್ಟಿದ್ದರೆ, ಮನೆತನದಲ್ಲಿ ಯಾರಿಗಾದರೂ ಹುಟ್ಟಿನಿಂದ ಸೊಂಟದ ಕೀಲಿನ ತೊಂದರೆ ಇದ್ದಿದ್ದರೆ, ಡೈಪರ್ ಬದಲಿಸುವಾಗ ಒಂದು ಕಾಲು ಇನ್ನೊಂದರಷ್ಟು ಅಗಲಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ.

ಹೆಗಲು ಹಿಡಿಯುತ್ತದೆ, ಬೆನ್ನು ನೋಯುತ್ತದೆ

ನೋವು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಕತ್ತಿನ ಬುಡ ಮತ್ತು ಹೆಗಲಲ್ಲಿದ್ದರೆ ಸೊಂಟದ ಬೆಲ್ಟ್ ಭಾರ ಹೊರುತ್ತಿಲ್ಲ. ಜೀನ್ಸ್ ಬೆಲ್ಟ್ ಹಾಕುವ ಜಾಗದಲ್ಲಿ ಇದನ್ನೂ ಹಾಕುವವರೇ ಹೆಚ್ಚು. ಪಕ್ಕೆಯ ಕೆಳಗೆ ಕೈಯಿಟ್ಟಾಗ ಸಿಗುವ ಸೊಂಟದ ಮೂಳೆಯ ಅಂಚಿನ ಮೇಲೆ ಬೆಲ್ಟ್ ಕೂರಬೇಕು, ಹೆಗಲ ಪಟ್ಟಿಗೆ ಕೈ ಹಾಕುವ ಮೊದಲೇ ಅದು ಬಿಗಿಯಾಗಿರಬೇಕು. ಸೀರೆ ಉಟ್ಟಾಗ ನೆರಿಗೆಯ ಗಂಟಿನ ಮೇಲೆ ಬೆಲ್ಟ್ ಬಂದು ಅರ್ಧ ಗಂಟೆಯಲ್ಲಿ ಜಾರುತ್ತದೆ. ನೆರಿಗೆಯನ್ನು ತುಸು ಕೆಳಗೆ ಸಿಕ್ಕಿಸಿ, ಗಂಟಿಗಿಂತ ಎತ್ತರದಲ್ಲಿ ಬೆಲ್ಟ್ ಬರುವಂತೆ ನೋಡಿಕೊಳ್ಳಿ. ರೇಷ್ಮೆ ಸೀರೆಯ ದಿನ ಬಕಲ್ ಕ್ಯಾರಿಯರ್ ಬೇಡ, ಬಟ್ಟೆಯನ್ನು ಎರಡು ರಿಂಗ್‌ಗಳಲ್ಲಿ ಹಾಯಿಸಿ ಒಂದು ಹೆಗಲಿಗೆ ಹಾಕಿಕೊಳ್ಳುವ ಹತ್ತಿಯ ರಿಂಗ್ ಸ್ಲಿಂಗ್ ಸಾಕು.

ನಡುಬೆನ್ನು, ಕೆಳಬೆನ್ನು ನೋಯುತ್ತಿದ್ದರೆ ಮಗು ತೀರಾ ಕೆಳಗಿದೆ ಅಥವಾ ಮೈಯಿಂದ ದೂರವಿದೆ, ಅದನ್ನು ಸರಿದೂಗಿಸಲು ನೀವು ಹಿಂದಕ್ಕೆ ಬಾಗುತ್ತಿದ್ದೀರಿ. ನೆತ್ತಿಗೆ ಮುತ್ತು ಕೊಡಲು ಸಿಗುವ ಎತ್ತರಕ್ಕೆ ಮಗುವನ್ನು ತಂದರೆ ಹೆಚ್ಚಿನವರಿಗೆ ಅಂದೇ ಹಗುರವಾಗುತ್ತದೆ. ಕೈ ಜುಮ್ಮೆನ್ನುತ್ತಿದ್ದರೆ ಪಟ್ಟಿ ಕಂಕುಳಿಗೆ ಒತ್ತುತ್ತಿದೆ. ಬೆನ್ನಿನ ಮೇಲಿನ ಅಡ್ಡ ಕ್ಲಿಪ್ ಕತ್ತಿನ ಹತ್ತಿರಕ್ಕೆ ಏರಿದ್ದರೆ ಭುಜದ ಎಲುಬುಗಳ ನಡುವಿಗೆ ಇಳಿಸಿ. ರಿಂಗ್ ಸ್ಲಿಂಗ್‌ನಲ್ಲಿ ಒಂದೇ ಹೆಗಲು ನೋಯುವುದು ಬಟ್ಟೆ ಹಗ್ಗದಂತೆ ಮುದುಡಿದಾಗ. ಬಟ್ಟೆಯನ್ನು ಭುಜದ ತುದಿಯವರೆಗೆ ಹರಡಿ, ರಿಂಗ್‌ಗಳನ್ನು ಕೊರಳೆಲುಬಿನ ಕೆಳಗೆ ತನ್ನಿ, ಒಂದು ಹೊತ್ತು ಬಲಕ್ಕೆ ಒಂದು ಹೊತ್ತು ಎಡಕ್ಕೆ ಹಾಕಿಕೊಳ್ಳಿ.

ಎಲ್ಲ ಸರಿಮಾಡಿದರೂ ಆಗದು ಎನ್ನುವವರು ಒಂದು ಕೆಲಸ ಮಾಡಿ. ಹೆಗಲ ಪಟ್ಟಿಯನ್ನು ಅದು ಹೋಗುವಷ್ಟೂ ಗಿಡ್ಡ ಮಾಡಿ. ಆಗಲೂ ಭುಜದ ಮೇಲೆ ಅಂಗೈ ತೂರುವಷ್ಟು ಸಂದು ಉಳಿದರೆ ಆ ಕ್ಯಾರಿಯರ್ ನಿಮ್ಮ ಮೈಕಟ್ಟಿಗೆ ದೊಡ್ಡದು. ಐದಡಿ ಎತ್ತರದ, ಸಣ್ಣ ಭುಜದ ತಾಯಂದಿರಲ್ಲಿ ಇದನ್ನು ಪದೇ ಪದೇ ಕಾಣುತ್ತೇನೆ. ಬೆನ್ನಿನ ಮೇಲೆ ಪಟ್ಟಿಗಳನ್ನು ಅಡ್ಡಡ್ಡ ಹಾಯಿಸಿ ಹಾಕಲು ಬರುವ ಮಾದರಿ ಇಂಥವರಿಗೆ ಒಗ್ಗುತ್ತದೆ. ಆರಡಿಯ ಅಪ್ಪ, ಐದಡಿಯ ಅಮ್ಮ ಒಂದನ್ನೇ ಹಂಚಿಕೊಳ್ಳುವ ಮನೆಗೆ ಮೈಗೆ ಸುತ್ತಿ ಕಟ್ಟಿಕೊಳ್ಳುವ ಉದ್ದ ಬಟ್ಟೆಯ ನೇಯ್ದ ರ್‍ಯಾಪ್ ಒಳ್ಳೆಯದು, ಅದಕ್ಕೆ ಅಳತೆಯ ಹಂಗಿಲ್ಲ. ಬಕಲ್ ಬಗೆಯೇ ಬೇಕೆಂದರೆ ಇಬ್ಬರ ಅಳತೆಯನ್ನೂ ಪಟ್ಟಿಯ ಮೇಲೆ ಬೇರೆ ಬೇರೆ ಬಣ್ಣದ ದಾರದಲ್ಲಿ ಗುರುತು ಹಾಕಿಡಿ. ಇಲ್ಲದಿದ್ದರೆ ಅಪ್ಪ ಸಡಿಲಿಸಿದ್ದನ್ನು ಅಮ್ಮ ಹಾಗೇ ಹಾಕಿಕೊಳ್ಳುತ್ತಾರೆ.

ಸಿಸೇರಿಯನ್ ಆದವರಿಗೆ ಬೆಲ್ಟ್ ಹೊಲಿಗೆಯ ಮೇಲೆ ಬಂದರೆ ನೋವು ಸಹಿಸುವ ಪ್ರಶ್ನೆಯೇ ಇಲ್ಲ. ಸಾಮಾನ್ಯವಾಗಿ ಆರು ವಾರದ ತಪಾಸಣೆಯಲ್ಲಿ ವೈದ್ಯರನ್ನು ಕೇಳಿ ಶುರು ಮಾಡಿ, ಅಲ್ಲಿಯವರೆಗೆ ಮಗುವನ್ನು ಹೊರುವ ಕೆಲಸ ಅಪ್ಪನದಾಗಲಿ.

ಮಗು ಎಂಟು ಹತ್ತು ಕೆಜಿ ಆಗುತ್ತಿದ್ದಂತೆ ನೋವು ಹೊಸದಾಗಿ ಶುರುವಾದರೆ ಬೇರೆ ಕಾರಣ ಹುಡುಕಬೇಕಿಲ್ಲ. ಹಿಗ್ಗುವ ಬಟ್ಟೆಯ ರ್‍ಯಾಪ್ ಆ ತೂಕಕ್ಕೆ ಜೋತುಬೀಳುತ್ತದೆ, ಅದರ ಕಾಲ ಮುಗಿಯಿತು. ಬಕಲ್ ಕ್ಯಾರಿಯರ್ ಇದ್ದವರು ಅದರ ಕೈಪಿಡಿಯಲ್ಲಿ ಅವಕಾಶವಿದ್ದರೆ ಬೆನ್ನಿಗೆ ಹೊರುವುದನ್ನು ಕಲಿಯಿರಿ. ಮೊದಮೊದಲು ಹಾಸಿಗೆಯ ಮೇಲೆ ಕೂತು, ಇನ್ನೊಬ್ಬರು ಹಿಂದೆ ನಿಂತಿರುವಾಗ ಅಭ್ಯಾಸ ಮಾಡಿ.

ಹಾಕಿದ ಕೂಡಲೇ ಅಳುತ್ತದೆ

ಉಸಿರು, ಕಾಲು ಎರಡೂ ಸರಿಯಿದ್ದು ಅಳುತ್ತಿದ್ದರೆ ಮೊದಲು ಹಸಿವು. ಹಸಿದ ಮಗುವಿಗೆ ಹಾಲಿನ ವಾಸನೆ ಹತ್ತಿರದಲ್ಲೇ ಬಂದು ಹಾಲು ಸಿಗದಿದ್ದರೆ ಅಳದೆ ಏನು ಮಾಡೀತು? ಹಾಲು ಕುಡಿಸಿ, ತೇಗಿಸಿ, ಆಮೇಲೆ ಕೂರಿಸಿ. ಎರಡನೆಯದು, ಕಟ್ಟಿಕೊಂಡು ನಿಂತಲ್ಲೇ ನಿಂತು ಬಕಲ್ ಹುಡುಕುವುದು. ಮೂರು ನಾಲ್ಕು ಕೆಜಿ ಅಕ್ಕಿ ಚೀಲ ಕಟ್ಟಿಕೊಂಡು ಕೈ ಪಳಗಿಸಿಕೊಳ್ಳಿ. ಮಗುವನ್ನು ಹಾಕಿದ ತಕ್ಷಣ ನಾಲ್ಕು ಹೆಜ್ಜೆ ನಡೆಯಿರಿ.

ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಾದ ಮುಚ್ಚುವ ರೋಂಪರ್ ಹಾಕಿರುವಾಗ ಮಗು ಕಾಲು ಮಡಚಿ ಕೂತರೆ ಬಟ್ಟೆ ಮೇಲಕ್ಕೆ ಎಳೆದು ಬೆರಳುಗಳು ಒತ್ತಿಕೊಳ್ಳುತ್ತವೆ. ಪಾದದ ಹತ್ತಿರ ಬಟ್ಟೆಯನ್ನು ಹಿಡಿದು ಕೆಳಕ್ಕೆ ಎಳೆದು ನೋಡಿ, ಅರ್ಧ ಇಂಚು ಕೂಡ ಬರದಿದ್ದರೆ ಅಳುವಿನ ಕಾರಣ ಅದೇ. ಪಾದ ತೆರೆದಿರುವ ಸಡಿಲ ಚಡ್ಡಿ ಹಾಕಿ.

ಆಮೇಲೆ ಸೆಕೆ. ಕ್ಯಾರಿಯರ್ ಕೂಡ ಒಂದು ಪದರ ಬಟ್ಟೆ, ಅದರ ಜೊತೆ ನಿಮ್ಮ ಮೈಯ ಕಾವು. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ದಪ್ಪ ಪ್ಯಾಡ್ ಇರುವ ಪಾಲಿಯೆಸ್ಟರ್ ಕ್ಯಾರಿಯರ್ ಹಿಂಸೆಯೇ ಸರಿ. ಕೈಕಾಲು ಮುಟ್ಟಿದರೆ ತಿಳಿಯುವುದಿಲ್ಲ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬಿಸಿಯಾಗಿ ಬೆವತಿದ್ದರೆ ಬಿಚ್ಚಿ. ತೆಳು ಹತ್ತಿಯದನ್ನೋ ಜಾಲರಿ ಬಟ್ಟೆಯದನ್ನೋ ಆರಿಸಿ, ಮಗುವಿಗೆ ಒಂದು ಪದರ ಕಡಿಮೆ ತೊಡಿಸಿ, ಬೆಳಗ್ಗೆ ಸಂಜೆ ಮಾತ್ರ ಹೊರಡಿ. ಕರಾವಳಿಯವರಿಗೆ ಮಳೆಗಾಲದಲ್ಲಿ ದಪ್ಪ ಪ್ಯಾಡ್ ಒಗೆದರೆ ದಿನಗಟ್ಟಲೆ ಒಣಗದೆ ಮುಗ್ಗಲು ಹಿಡಿಯುವ ತೊಂದರೆಯೂ ಉಂಟು. ತೆಳು ಹತ್ತಿ ಅಲ್ಲಿಗೂ ವಾಸಿ.

ಮುಖ ಹೊರಗಡೆ ಮಾಡಿ ಕೂರಿಸಿದಾಗ ಹತ್ತು ನಿಮಿಷ ನಕ್ಕು ಆಮೇಲೆ ರಂಪ ಮಾಡುವ ಮಗುವಿಗೆ ನೋಟ, ಸದ್ದು ಅತಿಯಾಗಿದೆ. ತಲೆ ಗಟ್ಟಿಯಾಗಿ ನಿಲ್ಲುವವರೆಗೆ ಹಾಗೆ ಕೂರಿಸಲೇಬಾರದು. ಆಮೇಲೂ ಸ್ವಲ್ಪ ಹೊತ್ತು ಮಾತ್ರ, ನಿದ್ದೆ ಬಂದರೆ ನಿಮ್ಮ ಕಡೆಗೆ ತಿರುಗಿಸಿ.

ಹಾಗಾದರೆ ಯಾವುದನ್ನು ಕೊಳ್ಳುವುದು

ತೊಂದರೆ ವಸ್ತುವಿನದೇ ಎಂದು ಖಚಿತವಾದವರಿಗೆ ನನ್ನ ಅಭಿಪ್ರಾಯ ಇಷ್ಟು. ಮೊದಲ ಮೂರು ನಾಲ್ಕು ತಿಂಗಳಿಗೆ ಹತ್ತಿಯ ರಿಂಗ್ ಸ್ಲಿಂಗ್ ಅಥವಾ ಹಿಗ್ಗುವ ರ್‍ಯಾಪ್. ಸ್ಲಿಂಗ್‌ನ ರಿಂಗ್‌ನಲ್ಲಿ ಬೆಸುಗೆಯ ಜೋಡು ಇರಬಾರದು, ಬಟ್ಟೆ ನುಣುಪಾಗಿರಬಾರದು. ಆ ಮೇಲೆ ಎರಡು ವರ್ಷದವರೆಗೆ, ಆಸನದ ಅಗಲವನ್ನೂ ಬೆನ್ನಿನ ಎತ್ತರವನ್ನೂ ಬದಲಿಸಲು ಬರುವ ಒಂದು ಬಕಲ್ ಕ್ಯಾರಿಯರ್. ಪೆಟ್ಟಿಗೆಯಂಥ ಆಸನವಿರುವ ಹಿಪ್ ಸೀಟ್ ಈಗ ಎಲ್ಲೆಡೆ ಕಾಣುತ್ತದೆ. ಹತ್ತಿ ಇಳಿಯುವ ವಯಸ್ಸಿನ ಮಗುವಿಗೆ ಅನುಕೂಲವೇನೋ ಹೌದು, ಆದರೆ ತಾನಾಗಿ ಕೂರಲು ಬಾರದ ಮಗುವನ್ನು ಅದರ ಮೇಲೆ ಇಡಬೇಡಿ.

ಬೈಕಿಗೆಂದು ಕ್ಯಾರಿಯರ್ ಕೇಳುವವರು ಬಹಳ. ಅದಕ್ಕೆ ಯಾವ ಕ್ಯಾರಿಯರೂ ಆಗದು. ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಅಧಿಸೂಚಿಸಿದ ನಿಯಮದ ಪ್ರಕಾರ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನಿಗೆ ಜೋಡಿಸುವ ಸುರಕ್ಷತಾ ಹಾರ್ನೆಸ್ ಮತ್ತು ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಆ ಹಾರ್ನೆಸ್ 30 ಕೆಜಿವರೆಗಿನ ತೂಕ ತಡೆಯುವಂತಿರಬೇಕು. ಬೈಕ್ ಬಿದ್ದಾಗ ಎದೆಗೆ ಕಟ್ಟಿಕೊಂಡ ಮಗು ನಿಮ್ಮ ಮೈಗೂ ಹ್ಯಾಂಡಲ್‌ಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕಾರಿನಲ್ಲೂ ಅಷ್ಟೇ, ಅಲ್ಲಿ ಬೇಕಾದದ್ದು ಮಕ್ಕಳ ಸೀಟು. ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುವಾಗ, ಬಿಸಿ ಕಾಫಿ ಕುಡಿಯುವಾಗ ಕೂಡ ಮಗು ಎದೆಯ ಮೇಲೆ ಬೇಡ.

ಅಕ್ಕನ ಮಗುವಿನದೋ ಸ್ನೇಹಿತರದೋ ಹಳೆಯದು ಸಿಕ್ಕರೆ ಸಂತೋಷದಿಂದ ತೆಗೆದುಕೊಳ್ಳಿ, ಹಾಕುವ ಮೊದಲು ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಹೆಗಲ ಪಟ್ಟಿ ಆಸನಕ್ಕೆ ಕೂಡುವ ಕಡೆ ದಾರ ಎದ್ದಿದೆಯೇ, ಬಟ್ಟೆ ಬಿಸಿಲಿಗೆ ಸವೆದು ತೆಳುವಾಗಿದೆಯೇ ನೋಡಿ. ಪ್ರತಿ ಬಕಲನ್ನೂ ಹಾಕಿದಾಗ ಟಕ್ ಎಂದು ಸದ್ದಾಗಬೇಕು, ಎರಡೂ ಕಡೆ ಹಿಡಿದು ಜೋರಾಗಿ ಎಳೆದರೆ ಬಿಚ್ಚಬಾರದು, ಹಲ್ಲಿನ ಬುಡದಲ್ಲಿ ಬಿಳಿ ಗೀರು ಕಂಡರೆ ಪ್ಲಾಸ್ಟಿಕ್ ಒಡೆಯಲು ಶುರುವಾಗಿದೆ. ಅಂಥ ಬಕಲನ್ನು ತಯಾರಕರಿಂದ ಬದಲಾಯಿಸಿಕೊಳ್ಳಿ, ಚೀಲ ಹೊಲಿಯುವ ಅಂಗಡಿಯಲ್ಲಿ ಸಿಗುವ ಬ್ಯಾಗಿನ ಬಕಲ್ ಹಾಕಿಸಬೇಡಿ.